ಗಡಾಯಿಕಲ್ಲಿನ ಮೇಲಣ ಬಾನು

ಮಡಂತ್ಯಾರಿನಿಂದ ಹೊರಟು ಬೆಳ್ತಂಗಡಿಯನ್ನು ದಾಟಿ ಗಡಾಯಿಕಲ್ಲನ್ನು ಕಂಡವರು ೧೭೯೪ರಲ್ಲಿ ಟೀಪು ಸುಲ್ತಾನನು ಅದರ ಮೇಲೆ ಕಟ್ಟಿಸಿದ ಜಮಾಲಾಬಾದಿನ ಕೋಟೆಯನ್ನು ನೆನೆಯುವುದುಂಟು. ನಾವಾದರೋ ಆ ಬಂಡೆಯ ಮೇಲಣ ಬಾನನ್ನು ಕುರಿತು ಎರಡು ಮಾತನಾಡುವೆವು. ಬಿಸಿಲಿಗೆ ಕಲ್ಲು ಕಾದೊಡನೆ ಗಾಳಿಯು ಮೇಲೇಳುತ್ತದೆ. ಹದ್ದು ರೆಕ್ಕೆ ಬಡಿಯದೆ, ಹರಡಿಕೊಂಡೇ, ಸುತ್ತುಸುತ್ತಾಗಿ ಅದರೊಡನೆ ಏರುತ್ತದೆ. ಬಾಲ ಕವಲಾಗಿದ್ದರೆ ಅದು ಸಾಮಾನ್ಯ ಹದ್ದು. ತಲೆ ಎದೆಗಳು ಬೆಳ್ಳಗಿದ್ದು ಮೈ ಕೆಂಗಂದಾಗಿದ್ದರೆ ಗರುಡ.

ಈ ಹಾರಾಟವನ್ನು ನೋಡಿ ನಲಿಯುವುದು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ರಾಜವಿನೋದಗಳ ನಡುವೆ ಶ್ಯೇನವಿನೋದಕ್ಕೂ ಸ್ಥಾನವುಂಟು. ಆದರೆ ಅದು ಹಿಡಿದು ಪಳಗಿಸಿದ ಹಕ್ಕಿಯ ಆಟ. ಕಟ್ಟಿಲ್ಲದ ಹಕ್ಕಿಯನ್ನು ಸುಮ್ಮನೆ ನೋಡುವ ಸುಖವು ನಮ್ಮ ಮಟ್ಟಿಗೆ ಮಿಗಿಲು, ಖರ್ಚೂ ಇಲ್ಲ.

ಗರುಡನು ಇಂದಿಗೂ ತುಳುನಾಡಿನ ಬಾನಿನಲ್ಲಿದ್ದಾನೆ. ರಣಹದ್ದಿನ ಕಥೆ ಬೇರೆ. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ಮದ್ದು, ಸತ್ತ ದನದ ಮಾಂಸದಿಂದ ಅದರ ಒಡಲನ್ನು ಸೇರಿ ಮೂತ್ರಪಿಂಡವನ್ನು ಕೆಡಿಸಿತು. ೨೦೦೬ರಲ್ಲಿ ಪಶುಚಿಕಿತ್ಸೆಯಿಂದ ಆ ಮದ್ದನ್ನು ನಿಷೇಧಿಸುವ ವೇಳೆಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದಿದ್ದವು. ಕರ್ನಾಟಕದಲ್ಲಿ ರಣಹದ್ದುಗಳಿಗೆಂದೇ ೨೦೧೨ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ಧಾಮವೆಂದು ಘೋಷಿಸಲಾಯಿತು. ಅಲ್ಲಿಯೂ ಈಗ ಅವುಗಳನ್ನು ಬೆರಳುಗಳಲ್ಲಿ ಎಣಿಸಬಹುದು.