ದಂಡಿನ ಲಾಕ್ ಹಾಸ್ಪಿಟಲ್: ತಡವಾಗಿ ಕೊಟ್ಟ ಉತ್ತರ



ಬಹಳ ವರ್ಷಗಳ ಹಿಂದೆ ಹತ್ತನೆಯ ತರಗತಿಗೆ 1857ರ ನಂತರದ ಭಾರತದ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಲಾಕ್ ಹಾಸ್ಪಿಟಲ್ ಎಂದರೇನು?" ಎಂದು ಕೇಳಿದಳು. ಗ್ರಂಥಾಲಯದ ಯಾವುದೋ ಹಳೆಯ ಪುಸ್ತಕದಲ್ಲಿ ಆ ಪದವನ್ನು ಕಂಡಿದ್ದಳಂತೆ. ನನಗೆ ಉತ್ತರ ತಿಳಿದಿತ್ತು. ಆದರೂ, "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊಳ್ಳಮ್ಮ" ಎಂದುಬಿಟ್ಟೆ. ಅಂದು ಸಂಕೋಚದಿಂದ ನುಂಗಿಕೊಂಡ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

1857ರ ದಂಗೆಯ ಬಳಿಕ ಭಾರತದಲ್ಲಿ ಬ್ರಿಟಿಷ್ ಸೈನಿಕರ ಸಂಖ್ಯೆಯನ್ನು ಹೆಚ್ಚಿಸಲಾಯಿತು. ಬಂದವರಲ್ಲಿ ಬಹುಪಾಲು ಅವಿವಾಹಿತ ಯುವಕರು. ಹೆಂಡತಿಯನ್ನು ಜೊತೆಗಿರಿಸಿಕೊಳ್ಳುವ ಅನುಮತಿ ನೂರರಲ್ಲಿ ಕೆಲವರಿಗಷ್ಟೇ ದೊರೆಯುತ್ತಿತ್ತು. ಮದುವೆಯಾದ ಸೈನಿಕನೆಂದರೆ ಸರ್ಕಾರಕ್ಕೆ ವಸತಿಯ ಖರ್ಚು, ಪ್ರಯಾಣದ ಖರ್ಚು. ಇತ್ತ ಸಿಫಿಲಿಸ್, ಗೊನೊರಿಯಾಗಳಿಂದ ಆಸ್ಪತ್ರೆ ಸೇರುವ ಸಿಪಾಯಿಗಳ ಸಂಖ್ಯೆ ಏರುತ್ತಲೇ ಇತ್ತು. ಆಗಿನ್ನೂ ಪೆನಿಸಿಲಿನ್ ಇರಲಿಲ್ಲ. ಪಾದರಸವೇ ಮುಖ್ಯ ಔಷಧ.

ಇದಕ್ಕೆ ಸರ್ಕಾರ ಕಂಡುಕೊಂಡ ದಾರಿ 1864ರ ಕಂಟೋನ್ಮೆಂಟ್ ಕಾಯಿದೆ. ದಂಡಿನ ಎಲ್ಲೆಯೊಳಗೆ ವೇಶ್ಯಾವೃತ್ತಿಯಲ್ಲಿದ್ದ ಹೆಂಗಸರ ಹೆಸರನ್ನು ದಾಖಲಿಸಿ, ಚೀಟಿ ಕೊಟ್ಟು, ನಿಗದಿತ ದಿನಗಳಂದು ವೈದ್ಯಕೀಯ ಪರೀಕ್ಷೆಗೆ ಒಳಪಡಿಸುವ ಕ್ರಮ ಬೇರೂರಿತು. ರೋಗವಿದೆಯೆಂದು ಕಂಡುಬಂದವರನ್ನು ಗುಣವಾಗುವವರೆಗೆ ಇರಿಸಿಕೊಳ್ಳುತ್ತಿದ್ದ ಜಾಗವೇ ಲಾಕ್ ಹಾಸ್ಪಿಟಲ್. ಆ ಹೆಸರು ಲಂಡನ್ನಿನ ಇಂತಹದೇ ಒಂದು ಹಳೆಯ ಆಸ್ಪತ್ರೆಯಿಂದ ಬಂದುದು, ಬೀಗದಿಂದಲ್ಲ. ಆದರೆ ಒಳಗಿದ್ದವರ ಪಾಲಿಗೆ ಬೀಗವೆಂಬ ಅರ್ಥವೇ ನಿಜವಾಗಿತ್ತು. 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದು, ಈ ಪದ್ಧತಿಯನ್ನು ದೊಡ್ಡ ನಗರಗಳಿಗೂ ವಿಸ್ತರಿಸಲು ಅವಕಾಶವಾಯಿತು. ಪರೀಕ್ಷೆ ತಪ್ಪಿಸಿದವರಿಗೆ ದಂಡ ಅಥವಾ ಸೆರೆವಾಸ.

ಇದು ದೂರದ ಕಥೆಯೇನಲ್ಲ. 1809ರಲ್ಲಿ ಸ್ಥಾಪನೆಯಾದ ಬೆಂಗಳೂರು ದಂಡಿನಲ್ಲಿಯೂ, ಬಳ್ಳಾರಿಯ ದಂಡಿನಲ್ಲಿಯೂ ಲಾಕ್ ಹಾಸ್ಪಿಟಲುಗಳಿದ್ದವು. ಅವುಗಳ ವಾರ್ಷಿಕ ವರದಿಗಳು ಮದರಾಸು ಸರ್ಕಾರಕ್ಕೆ ಹೋಗುತ್ತಿದ್ದವು. ದಾಖಲಾದವರೆಷ್ಟು, ಗುಣವಾದವರೆಷ್ಟು ಎಂಬ ಅಂಕಿಗಳು ಅಲ್ಲಿ ಸಾಲುಗಟ್ಟಿವೆ. ಆ ಹೆಂಗಸರು ಏನು ಹೇಳಿದರು ಎಂಬುದಕ್ಕೆ ಮಾತ್ರ ಅಲ್ಲಿ ಅಂಕಣವಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರೋಗ ಇಬ್ಬರ ನಡುವೆ ಹರಡುವಂಥದ್ದು. ಕಾಯಿದೆ ಮಾತ್ರ ಹಿಡಿದದ್ದು ಒಬ್ಬರನ್ನು. ಸೈನಿಕರನ್ನು ಇದೇ ರೀತಿ ಪರೀಕ್ಷಿಸಿದರೆ ಅವರ ಆತ್ಮಗೌರವಕ್ಕೆ ಕುಂದು ಎಂಬ ವಾದ ಬ್ರಿಟಿಷ್ ಸೇನೆಯಲ್ಲಿ ಬಲವಾಗಿತ್ತು. ಹೆಂಗಸಿಗೂ ಗೌರವವೆಂಬುದು ಇದ್ದೀತೆಂದು ಆ ಕಾಯಿದೆ ಬರೆದವರು ಯೋಚಿಸಿದಂತೆ ತೋರುವುದಿಲ್ಲ.

ಸ್ವತಃ ಬ್ರಿಟನ್ನಿನಲ್ಲಿ ಜೋಸೆಫೀನ್ ಬಟ್ಲರ್ ಎಂಬ ಮಹಿಳೆ ನಡೆಸಿದ ದೀರ್ಘ ಹೋರಾಟದ ಫಲವಾಗಿ 1886ರಲ್ಲಿ ಅಲ್ಲಿಯ ಇಂತಹ ಕಾಯಿದೆಗಳು ರದ್ದಾದವು. ವಿಪರ್ಯಾಸವೆಂದರೆ, ಅದೇ ವರ್ಷದ ಜೂನ್‌ನಲ್ಲಿ ಭಾರತದ ಸೇನಾ ಕಚೇರಿಯಿಂದ ಸುತ್ತೋಲೆಯೊಂದು ಹೊರಟಿತು. ಪಲ್ಟನ್ನಿನ ಬಜಾರುಗಳಲ್ಲಿ ಹೆಂಗಸರ ಸಂಖ್ಯೆ ಸಾಕಷ್ಟಿರಬೇಕು, ಅವರು ನೋಡಲು ಚೆನ್ನಾಗಿರಬೇಕು, ಅವರಿಗೆ ತಕ್ಕ ಮನೆಗಳಿರಬೇಕು ಎಂಬುದು ಅದರ ತಾತ್ಪರ್ಯ. ಕುದುರೆಗೆ ಹುಲ್ಲು, ಸಿಪಾಯಿಗೆ ರೊಟ್ಟಿ ಒದಗಿಸುವ ಆಡಳಿತದ ಭಾಷೆಯಲ್ಲೇ ಮನುಷ್ಯರ ಬಗೆಗೂ ಬರೆಯಲಾಗಿತ್ತು. ಆ ಸುತ್ತೋಲೆ ಬಯಲಾದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. 1888ರ ಜೂನ್‌ನಲ್ಲಿ ಕಾಮನ್ಸ್ ಸಭೆ ಈ ಪದ್ಧತಿಯ ವಿರುದ್ಧ ನಿರ್ಣಯ ಅಂಗೀಕರಿಸಿತು.

ಕಾಗದದ ಮೇಲೆ ರದ್ದಾದದ್ದು ನೆಲದ ಮೇಲೆ ನಿಂತಿತೇ? ಇದನ್ನು ತಿಳಿಯಲು ಕ್ಯಾಥರೀನ್ ಬುಶ್ನೆಲ್ ಎಂಬ ವೈದ್ಯೆ ಹಾಗೂ ಎಲಿಜಬೆತ್ ಆಂಡ್ರೂ ಎಂಬ ಇಬ್ಬರು ಅಮೆರಿಕನ್ ಮಹಿಳೆಯರು 1891ರ ಕೊನೆಯಲ್ಲಿ ಭಾರತಕ್ಕೆ ಬಂದರು. ಲಖನೌ, ಮೀರತ್, ಅಂಬಾಲಾ, ಪೇಶಾವರ ಮೊದಲಾದ ಹತ್ತು ದಂಡುಗಳನ್ನು ಸುತ್ತಿ, ಚಕ್ಲಾ ಎಂದು ಕರೆಯಲಾಗುತ್ತಿದ್ದ ಕೇರಿಗಳಿಗೆ ತಾವೇ ಹೋಗಿ, ಆ ಹೆಂಗಸರೊಡನೆ ಕುಳಿತು ಮಾತನಾಡಿದರು. ಹಳೆಯ ವ್ಯವಸ್ಥೆ ಹಾಗೆಯೇ ಮುಂದುವರಿದಿತ್ತು. 1893ರಲ್ಲಿ ಲಂಡನ್ನಿನ ವಿಚಾರಣಾ ಸಮಿತಿಯ ಮುಂದೆ ಅವರು ಸಾಕ್ಷ್ಯ ನುಡಿದರು. ಸುತ್ತೋಲೆಯ ಕಾಲದಲ್ಲಿ ಭಾರತದ ಸೇನೆಯ ಮುಖ್ಯಸ್ಥರಾಗಿದ್ದ ಲಾರ್ಡ್ ರಾಬರ್ಟ್ಸ್ ಮೊದಲು ಅವರ ಮಾತನ್ನು ಅಲ್ಲಗಳೆದು, ಬಳಿಕ ಕ್ಷಮೆ ಕೇಳಬೇಕಾಯಿತು.

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. 1895ರಲ್ಲಿ ಸಾವಿರ ಬ್ರಿಟಿಷ್ ಸೈನಿಕರಿಗೆ 500ಕ್ಕೂ ಹೆಚ್ಚು ಬಾರಿ ಈ ರೋಗಗಳಿಗಾಗಿ ಆಸ್ಪತ್ರೆ ದಾಖಲಾತಿ ಆಗಿತ್ತು. ಆ ಅಂಕಿಯನ್ನು ಮುಂದೊಡ್ಡಿ 1897ರಲ್ಲಿ ನಿಯಂತ್ರಣದ ನಿಯಮಗಳನ್ನು ಬೇರೆ ರೂಪದಲ್ಲಿ ಮರಳಿ ತರಲಾಯಿತು.

ಆ ಹೆಂಗಸರಲ್ಲಿ ವಿಧವೆಯರಿದ್ದರು, ಬಡತನದಿಂದ ಬಂದವರಿದ್ದರು, ಮಾರಲ್ಪಟ್ಟವರೂ ಇದ್ದರು. ಅವರು ಸುಮ್ಮನೆ ಸಹಿಸಿದರೆಂದೂ ತಿಳಿಯಬೇಡಿ. ಹೆಸರು ಬರೆಸದೆ ತಪ್ಪಿಸಿಕೊಂಡವರು, ದಂಡಿನ ಎಲ್ಲೆ ದಾಟಿ ಹೋದವರು ಎಷ್ಟೋ ಮಂದಿ. ಅಧಿಕಾರಿಗಳು ತಮ್ಮ ವರದಿಗಳಲ್ಲಿ ಇದನ್ನು ಮತ್ತೆ ಮತ್ತೆ ದೂರಿಕೊಂಡಿದ್ದಾರೆ. ಅವರಾಡಿದ ಮಾತು ನಮಗೆ ಉಳಿದಿರುವುದು ಅಲ್ಪ. ಆ ದೂರುಗಳನ್ನೇ ಅವರ ಮಾತೆಂದು ಓದಿಕೊಳ್ಳಬೇಕು.

ನಾನು ತರಗತಿಯಲ್ಲಿ ವೈಸರಾಯ್‌ಗಳ ಹೆಸರುಗಳನ್ನು ಕ್ರಮವಾಗಿ ಬಾಯಿಪಾಠ ಮಾಡಿಸಿದೆ. ಅವರ ಸೈನ್ಯದ ನೆರಳಲ್ಲಿ ಬದುಕಿದ ಹೆಂಗಸರ ಬಗ್ಗೆ ಕೇಳಿದ ಮಗುವನ್ನು ಕುಳ್ಳಿರಿಸಿದೆ. ಹೆಸರು ಬರೆದುಕೊಂಡು ಮಾತನ್ನು ಬಿಟ್ಟ ಆ ವರದಿಗಳಿಗೂ ಅಂದಿನ ನನ್ನ ಪಾಠಕ್ಕೂ ಹೆಚ್ಚು ಅಂತರವಿರಲಿಲ್ಲ. ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ಅಮ್ಮಾ, ನಿನ್ನ ಪ್ರಶ್ನೆ ಸರಿಯಾಗಿತ್ತು. ನಿನ್ನ ಮಕ್ಕಳು ಇಂತಹದನ್ನು ಕೇಳಿದರೆ ನೀನು ಉತ್ತರ ಹೇಳು.