ಜೊತೆತಾರೆಯ ವಿಳಾಸ

ಹಂಪಿಯ ವಿರೂಪಾಕ್ಷ ದೇಗುಲದಲ್ಲಿ, ಗರ್ಭಗುಡಿಯ ಹಿಂಬದಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ಪೂರ್ವದ ಮಹಾಗೋಪುರ ತಲೆಕೆಳಗಾಗಿ ಮೂಡುತ್ತದೆ. ಮಸೂರವಿಲ್ಲ, ಕನ್ನಡಿಯಿಲ್ಲ, ಬೆಳಕು ನುಸುಳಲು ಒಂದು ಕಿಂಡಿ, ಅಷ್ಟೇ. ಗೈಡುಗಳು ಇದನ್ನು ಪಿನ್‌ಹೋಲ್ ಕ್ಯಾಮೆರಾ ಎನ್ನುತ್ತಾರೆ. ಸರಿಯಾದ ಮಾತೇ. ಎಕ್ಸ್-ಕಿರಣ ಖಗೋಳಜ್ಞರೂ ಒಂದು ಕಾಲಕ್ಕೆ ಇಂಥ ಕಿಂಡಿಗಳಿಗೇ ಶರಣಾಗಬೇಕಾಯಿತು. ಆ ಕಿರಣ ಸಾಮಾನ್ಯ ಮಸೂರಕ್ಕೆ ಬಗ್ಗದು, ಕನ್ನಡಿಗೆ ನೇರ ಬಿದ್ದರೆ ಅದರೊಳಗೇ ಇಂಗಿಹೋಗುತ್ತದೆ.

1962ರಲ್ಲಿ ರಿಕಾರ್ಡೊ ಜಿಯಾಕೋನಿ ತಂಡದ ರಾಕೆಟ್ ವೃಶ್ಚಿಕ ರಾಶಿಯ ಕಡೆಯಿಂದ ಪ್ರಬಲ ಎಕ್ಸ್-ಕಿರಣ ಬರುತ್ತಿರುವುದನ್ನು ಗುರುತಿಸಿತು. ಆ ಕಡೆಯ ಸಾವಿರಾರು ನಕ್ಷತ್ರಗಳಲ್ಲಿ ಯಾವುದು ಎಂಬುದೇ ತೊಡಕು. ಜಪಾನಿನ ಮಿನೋರು ಓಡಾ ತಂತಿಯ ಜಾಲರಿಗಳನ್ನು ಒಂದರ ಹಿಂದೊಂದು ಇಟ್ಟು, ಅವುಗಳ ನೆರಳಿನಿಂದ ದಿಕ್ಕು ಕಂಡುಕೊಳ್ಳುವ ಉಪಾಯ ಹೂಡಿದರು. 1966ರಲ್ಲಿ ಆ ಜಾಗದಲ್ಲಿ ನೀಲಿ ಛಾಯೆಯ ಮಸುಕು ಚುಕ್ಕಿಯೊಂದು ಸಿಕ್ಕಿತು: ಸ್ಕೋ ಎಕ್ಸ್-1. ಅದು ಒಂದು ನ್ಯೂಟ್ರಾನ್ ತಾರೆ ಮತ್ತು ಅದರ ಜೊತೆತಾರೆ ಒಂದನ್ನೊಂದು ಸುತ್ತುವ ಜೋಡಿ. ತಮಾಷೆಯೆಂದರೆ, ಆ ಚುಕ್ಕಿಯ ಬೆಳಕಿನ ಬಹುಪಾಲು ಜೊತೆತಾರೆಯದಲ್ಲ. ಅದರಿಂದ ಕಿತ್ತುಕೊಂಡ ಅನಿಲ ನ್ಯೂಟ್ರಾನ್ ತಾರೆಯ ಸುತ್ತ ಸುಳಿಯುವ ಬಿಸಿ ಬಿಲ್ಲೆಯದು.

ಈ ಹುಡುಕಾಟದಲ್ಲಿ ಕನ್ನಡಿಗರು ಮೊದಲಿನಿಂದಲೂ ಇದ್ದರು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ತುಂಬಾ ಉಡಾವಣಾ ಕೇಂದ್ರದಿಂದ ಹಾರಿದ ರಾಕೆಟ್ಟುಗಳಲ್ಲಿ ಎಕ್ಸ್-ಕಿರಣ ಉಪಕರಣ ಇಟ್ಟರು. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರ ಬಳಗ 1968ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ ಸ್ಕೋ ಎಕ್ಸ್-1ನ್ನು ಅಳೆಯಿತು. ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಇಂಥದೇ ಉಪಕರಣ ಹೊತ್ತು ಏರಿತಾದರೂ ವಿದ್ಯುತ್ ದೋಷದಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು.

2015ರ ಸೆಪ್ಟೆಂಬರ್ 28ರಂದು ಹಾರಿದ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಕಿಂಡಿ ಮತ್ತೆ ಬಂತು. ಬೆಂಗಳೂರಿನಲ್ಲಿ ತಯಾರಾದ ಅದರ ಆಕಾಶ ಕಾವಲು ಉಪಕರಣದಲ್ಲಿ ಒಂದಲ್ಲ, ಹಲವು ಸೀಳುಗಳ ಫಲಕವಿದೆ. ನೆರಳಿನ ವಿನ್ಯಾಸವನ್ನು ಲೆಕ್ಕಹಾಕಿ ಮೂಲ ಎಲ್ಲಿದೆಯೆಂದು ತಿಳಿಯುತ್ತಾರೆ. ಜೊತೆಗೆ ಹೊಸಕೋಟೆಯಲ್ಲಿ ಜೋಡಿಸಿದ ನೇರಳಾತೀತ ದೂರದರ್ಶಕವೂ ಇದೆ, ನೀಲಿ ಬಿಸಿ ತಾರೆಗಳನ್ನು ನೋಡಲು.

ನೆರೆಯ ಗ್ಯಾಲಕ್ಸಿಗಳಿಗೆ ಹೋದರೆ ಕಷ್ಟ ಇಮ್ಮಡಿ. 1978ರಲ್ಲಿ ಹಾರಿದ ಐನ್‌ಸ್ಟೈನ್ ವೀಕ್ಷಣಾಲಯ ಅಲ್ಲಿ ಸೂರ್ಯನ ಒಟ್ಟು ಬೆಳಕಿನ ಎರಡೂವರೆ ಲಕ್ಷ ಪಟ್ಟಿಗೂ ಮಿಗಿಲಾಗಿ ಎಕ್ಸ್-ಕಿರಣ ಕಾರುವ ಮೂಲಗಳನ್ನು ಕಂಡಿತು. 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ 58 ಜ್ಯೋತಿರ್ವರ್ಷದಷ್ಟು ಅಗಲ. ಅಷ್ಟರಲ್ಲಿ ಅದೆಷ್ಟೋ ತಾರೆಗಳು. 1999ರ ಚಂದ್ರಾ ವೀಕ್ಷಣಾಲಯ ಅರ್ಧ ಆರ್ಕ್‌ಸೆಕೆಂಡಿನ ಚುರುಕುಗಣ್ಣು ತಂದ ಮೇಲೆಯೇ ಹಬಲ್ ಚಿತ್ರಗಳಲ್ಲಿ ಜೊತೆತಾರೆಯನ್ನು ಅರಸುವುದು ಅರ್ಥವತ್ತಾಯಿತು.

ಎನ್‌ಜಿಸಿ 7793 ಗ್ಯಾಲಕ್ಸಿಯ ಪಿ13 ಎಂಬ ಇಂಥ ಮೂಲದ್ದು ಈ ಹುಡುಕಾಟದ ಸೊಗಸಾದ ಕಥೆ. ಅದರ ಜೊತೆಗಾರ ಬಿ9 ವರ್ಗದ ನೀಲಿ ಮಹಾದೈತ್ಯ ತಾರೆ. ಬೆಳಕು ಸುಮಾರು 64 ದಿನಕ್ಕೊಮ್ಮೆ ಏರಿಳಿಯುತ್ತದೆ. ಇದನ್ನೇ ಹಿಡಿದು 2014ರಲ್ಲಿ ಕ್ರಿಸ್ಟಿಯನ್ ಮೋಚ್ ತಂಡ, ಅಲ್ಲಿರುವುದು 15 ಸೂರ್ಯರಿಗಿಂತ ಹಗುರವಾದ ಕಪ್ಪುಕುಳಿ ಎಂದು ತೂಗಿತು. ಎರಡೇ ವರ್ಷದಲ್ಲಿ ಅದೇ ಮೂಲ 0.42 ಸೆಕೆಂಡಿಗೊಮ್ಮೆ ಮಿಡಿಯುವುದು ಕಂಡಿತು. ಕಪ್ಪುಕುಳಿ ಹಾಗೆ ಮಿಡಿಯದು. ಅದು ನ್ಯೂಟ್ರಾನ್ ತಾರೆ. ಆದರೂ ಜೊತೆತಾರೆಯ ಗುರುತು ತಪ್ಪಿರಲಿಲ್ಲ.

ಎಂ82 ಗ್ಯಾಲಕ್ಸಿಯ ಎಕ್ಸ್-2 ಎಂಬ, ಇದೇ ರೀತಿ ಮಿಡಿಯುವ ಮೂಲದ್ದು ಇದರ ತಿರುವುಮುರುವು. ಆ ಗ್ಯಾಲಕ್ಸಿಯ ಧೂಳು, ಗುಂಪುಗುಂಪು ತಾರೆಗಳ ನಡುವೆ ಜೊತೆಗಾರ ಇದೇ ಎಂದು ಬೊಟ್ಟುಮಾಡುವುದು ಸುಲಭವಲ್ಲ. ಆದರೆ 2014ರಲ್ಲಿ ಮಿಡಿತದ ಏರುಪೇರಿನಿಂದಲೇ ಕಕ್ಷೆ ಎರಡೂವರೆ ದಿನದ್ದೆಂದೂ, ಜೊತೆಗಾರ ಕನಿಷ್ಠ ಐದು ಸೂರ್ಯರಷ್ಟು ಭಾರವೆಂದೂ ತಿಳಿಯಿತು.