ಸಂಶೋಧನಪೀಠದ ಉತ್ತರಾಧಿಕಾರ

ವಿಶ್ವವಿದ್ಯಾನಿಲಯವು ಸಂಶೋಧನಶಾಖೆಗೆ ಹೊಸ ಅಧ್ಯಕ್ಷನನ್ನು ನಿಯಮಿಸುವಾಗ ಹಿಂದಿನವನ ಪಡಿಯಚ್ಚನ್ನು ಹುಡುಕಬೇಕೆ, ಬೇರೆ ದಾರಿಯವನನ್ನು ಆರಿಸಬೇಕೆ? ಮೈಸೂರಿನ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು.

1922ರಲ್ಲಿ ಆರ್. ನರಸಿಂಹಾಚಾರ್ಯರ ತರುವಾಯ ಪುರಾತತ್ತ್ವ ಇಲಾಖೆಯ ಅಧ್ಯಕ್ಷರಾದ ಡಾ॥ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಗರಿಯಿಂದೆತ್ತಿ 1909ರಲ್ಲಿ ಅಚ್ಚಿಗೆ ತಂದವರು. ಗ್ರಂಥಶೋಧನೆಯೇ ಅವರ ಬಲ. 1929ರಲ್ಲಿ ಆ ಸ್ಥಾನಕ್ಕೆ ಬಂದವರು ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸದ ಅಧ್ಯಾಪಕರಾದ ಡಾ॥ ಎಂ. ಎಚ್. ಕೃಷ್ಣ ಅವರು. ಇವರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬಳಿಕ ಬ್ರಹ್ಮಗಿರಿಯಲ್ಲಿ ನೆಲವನ್ನು ಅಗೆಯಿಸಿದರು. ಆದರೆ ಹಿಂದಿನವರ ಶಾಸನಕಾರ್ಯವನ್ನು ಕೈಬಿಡಲಿಲ್ಲ. 1936ರಲ್ಲಿ ಹಲ್ಮಿಡಿಯ ಕನ್ನಡ ಶಾಸನವನ್ನು ಬೆಳಕಿಗೆ ತಂದವರೂ ಅವರೇ.

ನಮ್ಮ ಶಿವಮೊಗ್ಗೆ ಜಿಲ್ಲೆಯ ತಾಳಗುಂದವನ್ನೇ ನೋಡಿರಿ. ಅಲ್ಲಿಯ ಕದಂಬರ ಸ್ತಂಭಶಾಸನವನ್ನು ಬಿ. ಎಲ್. ರೈಸ್ ಸಾಹೇಬರು 1902ರ ಸಂಪುಟದಲ್ಲಿಯೇ ಪ್ರಕಟಿಸಿದ್ದರು. ಅದೇ ಸ್ಥಳದಲ್ಲಿ 2013-14ರ ಉತ್ಖನನದಲ್ಲಿ ಮತ್ತೊಂದು ಕನ್ನಡ ಶಾಸನ ದೊರೆಯಿತು. ಅದು ಹಲ್ಮಿಡಿಗಿಂತಲೂ ಪ್ರಾಚೀನವೆಂದು ಹಲವು ವಿದ್ವಾಂಸರ ಮತ. ಒಬ್ಬರು ಶೋಧಿಸಿದ ನೆಲದಲ್ಲಿ ಮತ್ತೊಬ್ಬರಿಗೆ ಕೆಲಸ ಉಳಿದೇ ಇರುತ್ತದೆ. ಹಿರಿಯರು ಕೂಡಿಟ್ಟುದನ್ನು ಕಾಪಾಡಿ, ಅವರು ಬಿಟ್ಟುದನ್ನು ಕಾಣಬಲ್ಲವನೇ ಇಂತಹ ಪೀಠಕ್ಕೆ ತಕ್ಕವನು.